ವಾರಕ್ಕೆ ಒಂದೇ ದಿನ: ಸಂಧಿವಾತದ ಔಷಧ ಮೆಥೊಟ್ರೆಕ್ಸೇಟ್ ಕೆಲಸ ಮಾಡುವ ಬಗೆ

ಔಷಧ ಅಂಗಡಿಗಳಲ್ಲಿ ಮಾರಾಟವಾಗುವ ಮಾತ್ರೆಗಳಲ್ಲಿ ಬಹುಪಾಲು ದಿನಕ್ಕೆ ಒಂದು, ಎರಡು ಅಥವಾ ಮೂರು ಬಾರಿ ಸೇವಿಸತಕ್ಕಂಥವು. ಔಷಧ ಚೀಟಿಯಲ್ಲಿ 1-0-1 ಎಂದು ಬರೆಯುವ ರೂಢಿಯೂ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಈ ಲೆಕ್ಕವನ್ನೇ ಆಧರಿಸಿದೆ. ಈ ಲೆಕ್ಕಕ್ಕೆ ಒಗ್ಗದ ಮಾತ್ರೆಯೊಂದು ಮೂರೂವರೆ ದಶಕಗಳಿಗೂ ಹೆಚ್ಚು ಕಾಲದಿಂದ ರುಮಟಾಯ್ಡ್ ಸಂಧಿವಾತದ ಚಿಕಿತ್ಸೆಯಲ್ಲಿ ಬಳಕೆಯಲ್ಲಿದ್ದು, ಇಂದಿಗೂ ವೈದ್ಯರು ಮೊದಲಿಗೆ ಆರಿಸಿಕೊಳ್ಳುವ ಔಷಧವಾಗಿ ಉಳಿದಿದೆ. ಅದರ ಹೆಸರು ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ ಇದನ್ನು ಸಾಮಾನ್ಯವಾಗಿ 7.5ರಿಂದ 25 ಮಿಲಿಗ್ರಾಂ ಪ್ರಮಾಣದಲ್ಲಿ ವಾರಕ್ಕೆ ಒಂದೇ ದಿನ ಕೊಡಲಾಗುತ್ತದೆ. ಅದೇ ಪ್ರಮಾಣವನ್ನು ತಪ್ಪು ತಿಳಿವಳಿಕೆಯಿಂದ ಪ್ರತಿದಿನ ಸೇವಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ ಒದಗಬಹುದು.

ಔಷಧವೊಂದು ವಾರದಲ್ಲಿ ಒಂದು ದಿನ ಹಿತವೂ ಏಳು ದಿನ ವಿಷವೂ ಆಗುವುದು ಹೇಗೆ ಎಂಬ ಪ್ರಶ್ನೆ ವೈದ್ಯರಿಗಷ್ಟೇ ಸಂಬಂಧಿಸಿದ್ದಲ್ಲ. ಮಾತ್ರೆಯನ್ನು ತಯಾರಿಸುವವರು, ಅದರ ಪೆಟ್ಟಿಗೆಯ ಮೇಲೆ ಅಕ್ಷರ ಮುದ್ರಿಸುವವರು, ಸಗಟಿನಲ್ಲಿ ಸಾಗಿಸುವವರು, ಕೊನೆಗೆ ಸ್ಟ್ರಿಪ್ ಕತ್ತರಿಸಿ ಗಿರಾಕಿಯ ಕೈಗೆ ಕೊಡುವವರು, ಇವರೆಲ್ಲರೂ ಆ ಒಂದು ದಿನದ ಲೆಕ್ಕವನ್ನು ಕಾಯತಕ್ಕವರೇ. ಜೊತೆಗೆ ವಯಸ್ಕರಲ್ಲಿ ಸರಿಸುಮಾರು ನೂರಕ್ಕೆ ಅರ್ಧದಿಂದ ಒಬ್ಬರವರೆಗೆ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಸ್ತ್ರೀಯರಲ್ಲಿ ಪುರುಷರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಇನ್ನೂರು ಮುನ್ನೂರು ಮಂದಿ ದುಡಿಯುವ ಯಾವುದೇ ಸಿದ್ಧ ಉಡುಪು ಘಟಕದಲ್ಲಿ ಈ ಮಾತ್ರೆ ನುಂಗುವವರು ಒಬ್ಬರಾದರೂ ಇರುವ ಸಂಭವವಿದೆ.

ನೋವು ಬೇರೆ, ರೋಗ ಬೇರೆ

ಮಂಡಿ ಸವೆದು ಬರುವ ವಯೋಸಹಜ ನೋವನ್ನೂ ರುಮಟಾಯ್ಡ್ ಸಂಧಿವಾತವನ್ನೂ ಜನ ಒಂದೇ ಹೆಸರಿನಿಂದ ಕರೆಯುವುದುಂಟು. ಎರಡನೆಯದರ ಬಗೆಯೇ ಬೇರೆ. ಸೋಂಕಿನಿಂದ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯು ಇಲ್ಲಿ ದಾರಿ ತಪ್ಪಿ ಸ್ವಂತ ಕೀಲುಗಳ ಒಳಪೊರೆಯ ಮೇಲೆ ಎರಗುತ್ತದೆ. ಪೊರೆ ಊದಿಕೊಂಡು ದಪ್ಪವಾಗಿ, ಕ್ರಮೇಣ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯತೊಡಗುತ್ತದೆ. ಎರಡೂ ಕೈಗಳ ಬೆರಳಿನ ಗೆಣ್ಣುಗಳು ಊದುವುದು, ಬೆಳಿಗ್ಗೆ ಎದ್ದಾಗ ಒಂದು ಗಂಟೆಗೂ ಹೆಚ್ಚು ಕಾಲ ಕೈ ಮಡಚಲಾಗದಿರುವುದು ಇದರ ಸಾಮಾನ್ಯ ಲಕ್ಷಣಗಳು. ಚಿಕಿತ್ಸೆ ತಡವಾದರೆ ಬೆರಳುಗಳು ಸೊಟ್ಟಗಾಗಿ, ಸೂಜಿಗೆ ದಾರ ಪೋಣಿಸುವುದಿರಲಿ, ಬಟನ್ ಹಾಕಿಕೊಳ್ಳುವುದೂ ಕಷ್ಟವಾಗುತ್ತದೆ.

ನೋವು ನಿವಾರಕ ಮಾತ್ರೆಗಳು ನೋವನ್ನು ತಗ್ಗಿಸುತ್ತವೆಯೇ ಹೊರತು ಮೂಳೆ ಸವೆಯುವುದನ್ನು ತಡೆಯುವುದಿಲ್ಲ. ರೋಗದ ಗತಿಯನ್ನೇ ಬದಲಿಸುವ ಔಷಧಗಳ ಗುಂಪು ಬೇರೆಯೇ ಇದೆ. ಸಲ್ಫಾಸಲಜೀನ್, ಹೈಡ್ರಾಕ್ಸಿಕ್ಲೋರೋಕ್ವಿನ್, ಲೆಫ್ಲೂನೋಮೈಡ್ ಮತ್ತು ಮೆಥೊಟ್ರೆಕ್ಸೇಟ್ ಆ ಗುಂಪಿನ ಸಾಂಪ್ರದಾಯಿಕ ಸದಸ್ಯರು. 1990ರ ದಶಕದ ಕೊನೆಯಿಂದ ಬಂದ ಜೈವಿಕ ಔಷಧಗಳು ಪರಿಣಾಮಕಾರಿಯಾದರೂ ಬೆಲೆಯಲ್ಲಿ ಬಹಳ ದುಬಾರಿ. ಅವುಗಳಲ್ಲಿ ಹಲವನ್ನು ಇಂದಿಗೂ ಮೆಥೊಟ್ರೆಕ್ಸೇಟ್ ಜೊತೆಯಲ್ಲಿಯೇ ಕೊಡುವುದು ವಾಡಿಕೆ. ಜೊತೆಗಿದ್ದರೆ ಅವು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತವೆ. ಹಳೆಯದೆಂದು ಮೂಲೆಗೆ ಸರಿಸಲಾಗದ ಔಷಧವಿದು.

ಮುಂಬಯಿಯ ಗಿರಣಿಯಿಂದ ನ್ಯೂಯಾರ್ಕಿನ ಪ್ರಯೋಗಾಲಯಕ್ಕೆ

ಮೆಥೊಟ್ರೆಕ್ಸೇಟ್ ಕಥೆ ಆರಂಭವಾಗುವುದು ಫೋಲಿಕ್ ಆಮ್ಲವೆಂಬ ಜೀವಸತ್ವದಿಂದ, ಆ ಜೀವಸತ್ವದ ಕಥೆ ಆರಂಭವಾಗುವುದು ನಮ್ಮ ದೇಶದಲ್ಲಿ. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದು, ಜವಳಿ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ತೀವ್ರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಯೀಸ್ಟ್ ಸಾರವನ್ನು ತಿನ್ನಿಸಿದಾಗ ರಕ್ತಹೀನತೆ ಗುಣವಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಗುಣಕಾರಿ ಅಂಶವೇ ಫೋಲಿಕ್ ಆಮ್ಲ. 1941ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಇದನ್ನು ಬೇರ್ಪಡಿಸಿದರು. ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಈ ಹೆಸರು ಬಂತು.

ಅದನ್ನು ಕೃತಕವಾಗಿ ತಯಾರಿಸಿದ್ದು ಲೆಡರ್ಲೆ ಲ್ಯಾಬೊರೇಟರೀಸ್ ಎಂಬ ಅಮೆರಿಕದ ಔಷಧ ಕಂಪನಿ. ಅಲ್ಲಿನ ಸಂಶೋಧನೆಯ ಹೊಣೆ ಹೊತ್ತಿದ್ದವರು 1895ರಲ್ಲಿ ಆಂಧ್ರದ ಭೀಮಾವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್. ಇವರ ತಂಡ ಮುಂದಿನ ಹೆಜ್ಜೆಯಾಗಿ ಫೋಲಿಕ್ ಆಮ್ಲದ ರೂಪವನ್ನೇ ಹೋಲುವ, ಆದರೆ ಅದರ ಕೆಲಸವನ್ನು ಮಾಡದ ರಾಸಾಯನಿಕಗಳನ್ನು ತಯಾರಿಸಿತು. ಅವುಗಳಲ್ಲೊಂದಾದ ಅಮಿನೋಪ್ಟೆರಿನ್ ಬಳಸಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ 1948ರಲ್ಲಿ ರಕ್ತ ಕ್ಯಾನ್ಸರ್ ಪೀಡಿತ 16 ಮಕ್ಕಳ ಪೈಕಿ 10 ಮಂದಿಯಲ್ಲಿ ತಾತ್ಕಾಲಿಕ ಉಪಶಮನವನ್ನು ಕಂಡರು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಅಮಿನೋಪ್ಟೆರಿನ್‌ನ ತಮ್ಮನೆನ್ನಬಹುದಾದ ಮೆಥೊಟ್ರೆಕ್ಸೇಟ್ ಬಳಸಲು ಸುಲಭವೆಂದು ಕಂಡುಬಂದು ಬಳಕೆಯಲ್ಲಿ ನಿಂತಿತು. ವ್ಯಾಪಾರಿ ಸಂಸ್ಥೆಯೊಂದರ ಪ್ರಯೋಗಾಲಯದಲ್ಲಿ ಭಾರತೀಯನೊಬ್ಬನ ನೇತೃತ್ವದಲ್ಲಿ ಇಷ್ಟು ದೊಡ್ಡ ಕೆಲಸ ನಡೆದರೂ ನಮ್ಮಲ್ಲಿ ಸುಬ್ಬರಾವ್ ಹೆಸರು ತಿಳಿದವರು ಕಡಿಮೆ ಎಂಬುದು ವಿಷಾದನೀಯ.

ಸಂಧಿವಾತಕ್ಕೆ ಈ ಔಷಧ ಬಂದ ದಾರಿ ಮಾತ್ರ ಬಲು ನಿಧಾನದ್ದು. 1951ರಲ್ಲಿಯೇ ಅಮೆರಿಕದ ವೈದ್ಯ ಗಬ್ನರ್ ಮತ್ತು ಸಂಗಡಿಗರು ಅಮಿನೋಪ್ಟೆರಿನ್‌ನಿಂದ ಸಂಧಿವಾತ ಹಾಗೂ ಸೋರಿಯಾಸಿಸ್ ಎರಡೂ ತಗ್ಗುವುದನ್ನು ವರದಿ ಮಾಡಿದ್ದರು. ಆದರೆ ಆಗಷ್ಟೇ ಕಾರ್ಟಿಸೋನ್ ಬಂದಿತ್ತು. ಹಾಸಿಗೆ ಹಿಡಿದ ರೋಗಿಗಳನ್ನು ದಿನಗಳಲ್ಲಿ ಎಬ್ಬಿಸಿ ನಡೆಸಿದ ಆ ಔಷಧಕ್ಕೆ 1950ರ ನೊಬೆಲ್ ಪಾರಿತೋಷಕವೂ ಸಂದಿತ್ತು. ಅದರ ಪ್ರಭೆಯಲ್ಲಿ ಈ ವರದಿ ಮಸುಕಾಯಿತು. ಕಾರ್ಟಿಸೋನ್‌ನ ದೀರ್ಘಕಾಲದ ದುಷ್ಪರಿಣಾಮಗಳು ಬೆಳಕಿಗೆ ಬಂದ ಬಹಳ ಕಾಲದ ನಂತರ, 1985ರಲ್ಲಿ ವ್ಯವಸ್ಥಿತ ಪರೀಕ್ಷೆಗಳ ಫಲಿತಾಂಶ ಪ್ರಕಟವಾಗಿ, 1988ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಮೆಥೊಟ್ರೆಕ್ಸೇಟನ್ನು ರುಮಟಾಯ್ಡ್ ಸಂಧಿವಾತಕ್ಕೆ ಅಂಗೀಕರಿಸಿತು.

ಖೋಟಾ ನಾಣ್ಯದ ಕೆಲಸ

ಜೀವಕೋಶವು ಎರಡಾಗಿ ಒಡೆಯಬೇಕಾದರೆ ಮೊದಲು ತನ್ನ ಡಿಎನ್ಎಯ ಪ್ರತಿ ತಯಾರಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಬಿಡಿಭಾಗಗಳನ್ನು ಜೋಡಿಸಲು ಫೋಲಿಕ್ ಆಮ್ಲದ ಸಕ್ರಿಯ ರೂಪ ಅಗತ್ಯ. ಆ ಸಕ್ರಿಯ ರೂಪಕ್ಕೆ ಪರಿವರ್ತಿಸುವ ಕಿಣ್ವದ ಹೆಸರು ಡೈಹೈಡ್ರೊಫೋಲೇಟ್ ರಿಡಕ್ಟೇಸ್. ಮೆಥೊಟ್ರೆಕ್ಸೇಟ್ ಅಣುವಿಗೂ ಫೋಲಿಕ್ ಆಮ್ಲದ ಅಣುವಿಗೂ ಇರುವ ವ್ಯತ್ಯಾಸ ಎರಡೇ ಕಡೆ: ಒಂದೆಡೆ ಆಮ್ಲಜನಕವಿರುವ ಗುಂಪಿನ ಬದಲು ಸಾರಜನಕವಿರುವ ಗುಂಪು, ಇನ್ನೊಂದೆಡೆ ಒಂದು ಮಿಥೈಲ್ ಗುಂಪು ಹೆಚ್ಚು. ಕಿಣ್ವವು ಇದನ್ನು ಅಸಲಿ ನಾಣ್ಯವೆಂದು ಹಿಡಿದುಕೊಳ್ಳುತ್ತದೆ. ಅಸಲಿಗಿಂತ ಸುಮಾರು ಸಾವಿರ ಪಟ್ಟು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಆ ಕಿಣ್ವದ ವಹಿವಾಟು ಅಲ್ಲಿಗೆ ನಿಂತುಹೋಗುತ್ತದೆ. ಬೇಗ ಬೇಗ ಒಡೆಯುವ ಕ್ಯಾನ್ಸರ್ ಕೋಶಗಳು ಇದರಿಂದ ಸಾಯುತ್ತವೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೆಲವೊಮ್ಮೆ ಗ್ರಾಂಗಳ ಲೆಕ್ಕದಲ್ಲಿ ಈ ಔಷಧವನ್ನು ಕೊಡುವುದು ಇದೇ ಕಾರಣಕ್ಕೆ.

ಸಂಧಿವಾತಕ್ಕೆ ಕೊಡುವ ಕೆಲವೇ ಮಿಲಿಗ್ರಾಂಗಳು ಕೋಶಗಳನ್ನು ಕೊಂದು ಗುಣಪಡಿಸುತ್ತವೆ ಎಂದು ಮೊದಲು ಭಾವಿಸಲಾಗಿತ್ತು. ಅದು ಅಷ್ಟು ಸರಳವಲ್ಲವೆಂಬುದಕ್ಕೆ ಒಂದು ಸ್ಪಷ್ಟ ಸಾಕ್ಷ್ಯವಿದೆ. ರೋಗಿಗೆ ಫೋಲಿಕ್ ಆಮ್ಲದ ಮಾತ್ರೆಯನ್ನು ಸಹ ಕೊಟ್ಟರೆ ಬಾಯಿಹುಣ್ಣು, ಓಕರಿಕೆ, ಯಕೃತ್ತಿನ ತೊಂದರೆಗಳು ಕಡಿಮೆಯಾಗುತ್ತವೆ. ಕೀಲುಗಳ ಮೇಲಿನ ಸತ್ಪರಿಣಾಮ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಎಂದರೆ ಗುಣವೂ ದೋಷವೂ ಒಂದೇ ಬಾಗಿಲಿನಿಂದ ಬರುತ್ತಿಲ್ಲ.

ಇನ್ನೊಂದು ಬಾಗಿಲು ಅಡಿನೋಸಿನ್ ಎಂಬ ವಸ್ತುವಿನದು. ಕೋಶದೊಳಗೆ ಸೇರಿದ ಮೆಥೊಟ್ರೆಕ್ಸೇಟ್ ಎಐಸಿಎಆರ್ ಎಂಬ ಮಧ್ಯಂತರ ವಸ್ತುವನ್ನು ಮುಂದಕ್ಕೆ ಸಾಗಿಸುವ ಕಿಣ್ವವನ್ನೂ ತಡೆಯುತ್ತದೆ. ಆ ವಸ್ತು ಕೋಶದಲ್ಲಿ ಶೇಖರಣೆಯಾದಂತೆ ಅಡಿನೋಸಿನ್ ಒಡೆಯುವುದು ಕಡಿಮೆಯಾಗಿ, ಕೋಶದ ಹೊರಗೆ ಅದರ ಮಟ್ಟ ಏರುತ್ತದೆ. ಅಡಿನೋಸಿನ್ ಉರಿಯೂತಕ್ಕೆ ಸಹಜವಾದ ಲಗಾಮು. ಬಿಳಿ ರಕ್ತಕಣಗಳ ಮೇಲ್ಮೈಯಲ್ಲಿ ಕೂತು, ಊತವನ್ನು ಕೆರಳಿಸುವ ರಾಸಾಯನಿಕ ಸಂದೇಶಗಳನ್ನು ತಗ್ಗಿಸುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಬ್ರೂಸ್ ಕ್ರೋನ್‌ಸ್ಟೈನ್ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ಮುಂದಿಟ್ಟ ಈ ವಿವರಣೆಗೆ ಇಂದು ಹೆಚ್ಚಿನ ಮನ್ನಣೆಯಿದೆ. ಇದೊಂದೇ ಪೂರ್ಣ ಕಾರಣವೆಂದು ಹೇಳುವಂತಿಲ್ಲ. ಇತರ ದಾರಿಗಳ ಬಗೆಗೂ ಸಂಶೋಧನೆ ನಡೆದಿದೆ.

ಇಲ್ಲಿ ಕಾಫಿಪ್ರಿಯರಿಗೊಂದು ಮಾತು. ಕಾಫಿಯ ಕೆಫೀನ್ ಅಡಿನೋಸಿನ್ ಕೂರಬೇಕಾದ ಜಾಗವನ್ನು ಆಕ್ರಮಿಸುವಂಥದು. ಆದ್ದರಿಂದ ಹೆಚ್ಚು ಕಾಫಿ ಕುಡಿದರೆ ಔಷಧದ ಫಲ ಕುಗ್ಗುವುದೇ ಎಂಬ ಶಂಕೆ ಮೂಡಿತ್ತು. ಕೆಲವು ಅಧ್ಯಯನಗಳು ಹೌದೆಂದವು, ಬೇರೆಯವು ವ್ಯತ್ಯಾಸ ಕಾಣಲಿಲ್ಲ. ಬೆಳಗಿನ ಒಂದು ಲೋಟ ಕಾಫಿಯನ್ನು ಬಿಡಬೇಕಾದಷ್ಟು ಪುರಾವೆ ಇಲ್ಲ.

ವಾರಕ್ಕೊಮ್ಮೆ ಏಕೆ?

ನುಂಗಿದ ಮಾತ್ರೆ ಒಂದೆರಡು ಗಂಟೆಗಳಲ್ಲಿ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟಿ, ಬಹುಪಾಲು ಮೂತ್ರಪಿಂಡಗಳ ಮೂಲಕ ಒಂದು ದಿನದೊಳಗೆ ಹೊರಹೋಗುತ್ತದೆ. ರಕ್ತದ ಲೆಕ್ಕ ನೋಡಿದರೆ ದಿನವೂ ಕೊಡಬೇಕಾದ ಔಷಧವೇ ಸರಿ. ಆದರೆ ನಿಜವಾದ ದಾಸ್ತಾನು ಇರುವುದು ರಕ್ತದಲ್ಲಲ್ಲ, ಜೀವಕೋಶಗಳ ಗೋದಾಮಿನಲ್ಲಿ. ಕೋಶದೊಳಗೆ ಹೊಕ್ಕ ಮೆಥೊಟ್ರೆಕ್ಸೇಟ್‌ಗೆ ಗ್ಲುಟಮೇಟ್ ಎಂಬ ಅಣುಗಳು ಒಂದರ ಹಿಂದೊಂದರಂತೆ ಬಾಲದ ಹಾಗೆ ಜೋಡಣೆಯಾಗುತ್ತವೆ. ಬಾಲ ಬೆಳೆದ ಅಣು ಹೊರಬರಲಾರದೆ ಅಲ್ಲಿಯೇ ವಾರಗಟ್ಟಲೆ ಉಳಿದು ಕೆಲಸ ಮಾಡುತ್ತಿರುತ್ತದೆ. ವಾರಕ್ಕೊಮ್ಮೆ ಬರುವ ಹೊಸ ಸರಕು ಈ ದಾಸ್ತಾನನ್ನು ಸರಿತೂಗಿಸಲು ಸಾಕು. ಚಿಕಿತ್ಸೆ ಆರಂಭಿಸಿದ ಆರರಿಂದ ಹನ್ನೆರಡು ವಾರಗಳವರೆಗೆ ಹೇಳಿಕೊಳ್ಳುವಂಥ ಗುಣ ಕಾಣದಿರುವುದಕ್ಕೂ ಇದೇ ಕಾರಣ. ಗೋದಾಮು ತುಂಬಲು ಅಷ್ಟು ಕಾಲ ಬೇಕು. ಎರಡು ವಾರ ನುಂಗಿ, ಉಪಯೋಗವಿಲ್ಲವೆಂದು ಬಿಟ್ಟವರು ಔಷಧಕ್ಕೆ ಅವಕಾಶವನ್ನೇ ಕೊಡಲಿಲ್ಲವೆಂದು ತಿಳಿಯಬೇಕು.

ವಾರದ ಉಳಿದ ಆರು ದಿನಗಳ ಬಿಡುವು ಯಾರಿಗೆ? ಅಸ್ಥಿಮಜ್ಜೆಗೆ, ಬಾಯಿ ಮತ್ತು ಕರುಳಿನ ಒಳಪದರಕ್ಕೆ. ದೇಹದಲ್ಲಿ ಅತಿ ಶೀಘ್ರವಾಗಿ ಹೊಸ ಕೋಶಗಳನ್ನು ತಯಾರಿಸುವ ಕಾರ್ಖಾನೆಗಳಿವು. ಒಂದು ದಿನ ಫೋಲಿಕ್ ಆಮ್ಲದ ಸರಬರಾಜು ಕುಂಠಿತವಾದರೆ ಉಳಿದ ದಿನಗಳಲ್ಲಿ ಚೇತರಿಸಿಕೊಳ್ಳುತ್ತವೆ. ಪ್ರತಿದಿನವೂ ತಡೆ ಬಿದ್ದರೆ ಚೇತರಿಕೆಗೆ ಎಡೆಯೇ ಇರುವುದಿಲ್ಲ. ಮೊದಲು ಬಾಯಿ ತುಂಬ ಹುಣ್ಣು, ಬಳಿಕ ಭೇದಿ. ಬಿಳಿ ರಕ್ತಕಣಗಳು ಕುಸಿದು ಸೋಂಕು, ಜ್ವರ. ರಕ್ತ ಹೆಪ್ಪುಗಟ್ಟಿಸುವ ಕಣಗಳು ಕುಸಿದು ರಕ್ತಸ್ರಾವ. ಔಷಧ ಹೊರಹೋಗಲು ಮೂತ್ರಪಿಂಡವೇ ದಾರಿಯಾದ್ದರಿಂದ, ಅದು ದುರ್ಬಲವಾಗಿರುವ ವೃದ್ಧರಲ್ಲಿ ಈ ಅನಾಹುತ ಇನ್ನೂ ಬೇಗ ಘಟಿಸುತ್ತದೆ.

ಪ್ರಮಾಣದ ವಿಷಯದಲ್ಲಿ ಇನ್ನೊಂದು ಸಂಗತಿ ತಿಳಿದಿರುವುದು ಒಳ್ಳೆಯದು. ವಾರಕ್ಕೆ 15 ಮಿಲಿಗ್ರಾಂ ಮೀರಿದರೆ ಕರುಳು ಔಷಧವನ್ನು ಹೀರಿಕೊಳ್ಳುವ ಶಕ್ತಿ ಹೆಚ್ಚುಕಡಿಮೆ ಮಿತಿ ಮುಟ್ಟುತ್ತದೆ. ಹೆಚ್ಚು ಬೇಕಾದವರಿಗೆ ವೈದ್ಯರು ಚರ್ಮದಡಿಯ ಚುಚ್ಚುಮದ್ದನ್ನು ಸೂಚಿಸುವುದು ಇದಕ್ಕಾಗಿ.

ಜಾಗ್ರತೆಗಳು

ಚಿಕಿತ್ಸೆಗೆ ಮುನ್ನ ರಕ್ತಕಣಗಳ ಎಣಿಕೆ, ಯಕೃತ್ತು ಹಾಗೂ ಮೂತ್ರಪಿಂಡಗಳ ಪರೀಕ್ಷೆ ಆಗಬೇಕು. ಆರಂಭದ ತಿಂಗಳುಗಳಲ್ಲಿ ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಅನಂತರ ಎರಡು ಮೂರು ತಿಂಗಳಿಗೊಮ್ಮೆ ಮರುಪರೀಕ್ಷೆ. ಮದ್ಯಪಾನ ಯಕೃತ್ತಿನ ಹಾನಿಯನ್ನು ಹೆಚ್ಚಿಸುತ್ತದೆ. ಒಣಕೆಮ್ಮು, ಉಸಿರಾಟದ ತೊಂದರೆ ಹೊಸದಾಗಿ ಕಾಣಿಸಿದರೆ ಅದು ಶ್ವಾಸಕೋಶದ ಉರಿಯೂತವಿರಬಹುದಾದ್ದರಿಂದ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಗರ್ಭಿಣಿಯರು ಈ ಔಷಧವನ್ನು ಖಂಡಿತ ಸೇವಿಸಕೂಡದು. ಗರ್ಭಪಾತಕ್ಕೂ ಶಿಶುವಿನ ಅಂಗವೈಕಲ್ಯಕ್ಕೂ ಇದು ಕಾರಣವಾಗುತ್ತದೆ. ಮಗುವನ್ನು ಬಯಸುವ ಸ್ತ್ರೀಯರು ತಿಂಗಳುಗಳ ಮೊದಲೇ ವೈದ್ಯರ ಸಲಹೆಯಂತೆ ಬೇರೆ ಔಷಧಕ್ಕೆ ಬದಲಾಯಿಸಿಕೊಳ್ಳಬೇಕಾಗುತ್ತದೆ.

ಔಷಧ ವ್ಯಾಪಾರಿಗಳು ವಿಶೇಷವಾಗಿ ನೆನಪಿಡಬೇಕಾದುದು ಕೋ-ಟ್ರೈಮಾಕ್ಸಜೋಲ್ ಎಂಬ ಸೋಂಕು ನಿವಾರಕವನ್ನು. ಮೂತ್ರದ ಸೋಂಕಿಗೆ, ಭೇದಿಗೆ ಹಿಂದಿನಿಂದಲೂ ಬಳಕೆಯಲ್ಲಿರುವ ಈ ಅಗ್ಗದ ಮಾತ್ರೆಯ ಒಂದು ಘಟಕವಾದ ಟ್ರೈಮೆಥೊಪ್ರಿಮ್ ಸಹ ಫೋಲಿಕ್ ಆಮ್ಲದ ವಿರೋಧಿಯೇ. ಮೆಥೊಟ್ರೆಕ್ಸೇಟ್ ಮೂತ್ರದಲ್ಲಿ ಹೊರಹೋಗುವುದನ್ನೂ ಈ ಮಾತ್ರೆ ತಡೆಯುತ್ತದೆ. ಎರಡೂ ಕೂಡಿದರೆ, ವಾರಕ್ಕೊಮ್ಮೆಯ ಸರಿಯಾದ ಪ್ರಮಾಣವೂ ಅಸ್ಥಿಮಜ್ಜೆಯನ್ನು ಸ್ತಬ್ಧಗೊಳಿಸಬಲ್ಲದು. ಚೀಟಿಯಿಲ್ಲದೆ ಬಂದು ಈ ಮಾತ್ರೆ ಕೇಳುವವರಿಗೆ ಕೊಡದಿರಲು, ಕಾನೂನಿನ ನಿಷೇಧದ ಜೊತೆಗೆ, ಇದೂ ಒಂದು ಗಟ್ಟಿ ಕಾರಣ.

ಗಲ್ಲಾಪೆಟ್ಟಿಗೆಯ ಮುಂದಿನ ತಪ್ಪುಗಳು

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಗೆ ನಾಲ್ಕು ವರ್ಷಗಳಲ್ಲಿ ಬಂದ ವರದಿಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮೆಥೊಟ್ರೆಕ್ಸೇಟ್ ಸಂಬಂಧದ 106 ತಪ್ಪುಗಳು ದಾಖಲಾಗಿದ್ದು, ಅವುಗಳಲ್ಲಿ 25 ಸಾವಿನಲ್ಲಿ ಕೊನೆಗೊಂಡಿದ್ದವು. ವಾರಕ್ಕೊಮ್ಮೆ ಎಂಬುದನ್ನು ಕುರಿತ ಗೊಂದಲವೇ ಎಲ್ಲಕ್ಕಿಂತ ದೊಡ್ಡ ಕಾರಣ. ಚೀಟಿ ಬರೆದ ವೈದ್ಯರು, ಮಾತ್ರೆ ಕೊಟ್ಟವರು, ಆಸ್ಪತ್ರೆಯ ಸಿಬ್ಬಂದಿ, ಸ್ವತಃ ರೋಗಿ, ಎಲ್ಲ ಹಂತಗಳಲ್ಲಿಯೂ ತಪ್ಪು ನಡೆದಿತ್ತು. ಐರೋಪ್ಯ ಔಷಧ ಸಂಸ್ಥೆಯು 2019ರಲ್ಲಿ ಇದಕ್ಕಾಗಿಯೇ ಹೊಸ ಕ್ರಮಗಳನ್ನು ಸೂಚಿಸಿತು: ಬಾಟಲಿಗಳಲ್ಲಿ ಮಾತ್ರೆ ತುಂಬುವುದನ್ನು ಬಿಟ್ಟು ಬ್ಲಿಸ್ಟರ್‌ಗಳಲ್ಲಿ ಒದಗಿಸುವುದು, ಒಳ ಹೊರ ಹೊದಿಕೆಗಳೆರಡರ ಮೇಲೂ ಎದ್ದು ಕಾಣುವ ಎಚ್ಚರಿಕೆ, ರೋಗಿಗೊಂದು ಚೀಟಿ.

ನಮ್ಮಲ್ಲಿ ಮಾತ್ರೆಗಳು ಮೊದಲಿನಿಂದಲೂ ಸ್ಟ್ರಿಪ್‌ಗಳಲ್ಲೇ ಬರುತ್ತಿರುವುದು ಅನುಕೂಲವೇ. ಆದರೆ ಸ್ಟ್ರಿಪ್ಪನ್ನು ಕತ್ತರಿಸಿ ನಾಲ್ಕು ಮಾತ್ರೆಗಳನ್ನು ಕಾಗದದ ಪೊಟ್ಟಣದಲ್ಲಿ ಹಾಕಿ ಕೊಡುವ ಪದ್ಧತಿ ಆ ಅನುಕೂಲವನ್ನು ಅಳಿಸಿಹಾಕುತ್ತದೆ. ಹೆಸರೂ ಎಚ್ಚರಿಕೆಯೂ ಮುದ್ರಿತವಾದ ತುಂಡು ಅಂಗಡಿಯಲ್ಲಿ ಉಳಿದು, ಏನೂ ಬರೆಯದ ಮಾತ್ರೆಗಳು ಮನೆಗೆ ಹೋಗುತ್ತವೆ. ಚೀಟಿಯ 1-0-0 ಎಂಬ ಸಂಕೇತದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಗಳಿಗೆ ಸ್ಥಳವಿದೆ, ವಾರಕ್ಕೆ ಸ್ಥಳವಿಲ್ಲ. ಆದುದರಿಂದ ಪೊಟ್ಟಣದ ಮೇಲೆ ವಾರದ ಹೆಸರನ್ನು ಪೂರ್ಣವಾಗಿ, ಗಿರಾಕಿ ಓದಬಲ್ಲ ಭಾಷೆಯಲ್ಲಿ, "ಪ್ರತಿ ಭಾನುವಾರ ಮಾತ್ರ" ಎಂಬಂತೆ ಬರೆಯುವುದು ಉಚಿತ. ಇಂಗ್ಲಿಷಿನಲ್ಲಿ ಸೋಮವಾರದ ಸಂಕ್ಷಿಪ್ತ ರೂಪವನ್ನು ಬೆಳಿಗ್ಗೆ ಎಂದು ಓದಿಕೊಂಡು ದಿನವೂ ನುಂಗುವ ಅಪಾಯವಿದೆಯೆಂದು ಅಮೆರಿಕದ ಔಷಧ ಸುರಕ್ಷತಾ ತಜ್ಞರು ಸೋಮವಾರವನ್ನೇ ಆರಿಸದಿರಲು ಸಲಹೆ ನೀಡಿದ್ದುಂಟು. ಕನ್ನಡದಲ್ಲಿ ಬರೆದರೆ ಆ ತೊಡಕಿಲ್ಲ.

ಜೊತೆಯಲ್ಲಿ ಕೊಡುವ ಫೋಲಿಕ್ ಆಮ್ಲದಿಂದಲೂ ಒಂದು ಗೊಂದಲ ಹುಟ್ಟುತ್ತದೆ. ಎರಡೂ ಹಳದಿ ಬಣ್ಣದ ರಾಸಾಯನಿಕಗಳು, ಎರಡೂ ಚಿಕ್ಕ ಮಾತ್ರೆಗಳು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ, ಫೋಲಿಕ್ ಆಮ್ಲ ಬೇರೆ ದಿನಗಳಲ್ಲಿ ಎಂಬ ಸೂಚನೆ ಮನೆಯಲ್ಲಿ ತಲೆಕೆಳಗಾದರೆ ಫಲವನ್ನು ಹೇಳಬೇಕಾಗಿಲ್ಲ. ಎರಡನ್ನೂ ಒಂದೇ ಪೊಟ್ಟಣದಲ್ಲಿ ಹಾಕಿ ಕೊಡಬಾರದು. 2.5, 5, 7.5, 10 ಮಿಲಿಗ್ರಾಂ ಎಂದು ಹಲವು ಪ್ರಮಾಣಗಳ ಮಾತ್ರೆಗಳು ಮಾರುಕಟ್ಟೆಯಲ್ಲಿವೆ. ಕಳೆದ ತಿಂಗಳು 2.5ರ ಮೂರು ಮಾತ್ರೆ ನುಂಗುತ್ತಿದ್ದವರಿಗೆ ದಾಸ್ತಾನಿಲ್ಲವೆಂದು 7.5ರ ಸ್ಟ್ರಿಪ್ ಕೊಟ್ಟರೆ, ಅವರು ಅಭ್ಯಾಸಬಲದಿಂದ ಅದರಲ್ಲೂ ಮೂರು ನುಂಗುವರು.

ತಯಾರಕರಿಗೆ

ಮೆಥೊಟ್ರೆಕ್ಸೇಟ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವುದರಿಂದ ಅದರ ಗರಿಷ್ಠ ಬೆಲೆಗೆ ಸರ್ಕಾರದ ಮಿತಿಯಿದೆ. ಲಾಭದ ಅಂಶ ಕಡಿಮೆ, ತಯಾರಿಕೆಯ ಕಟ್ಟುಪಾಡು ಹೆಚ್ಚು. ಕೋಶನಾಶಕ ವರ್ಗಕ್ಕೆ ಸೇರಿದ ಈ ಔಷಧದ ಪುಡಿ ಗಾಳಿಯಲ್ಲಿ ಹಾರಿ ಕಾರ್ಮಿಕರ ಉಸಿರಿಗೆ ಸೇರದಂತೆ, ಬೇರೆ ಔಷಧಗಳಿಗೆ ಬೆರೆಯದಂತೆ, ಪ್ರತ್ಯೇಕ ವಿಭಾಗವನ್ನೂ ಪ್ರತ್ಯೇಕ ವಾಯು ವ್ಯವಸ್ಥೆಯನ್ನೂ ಹೊಂದಿರಬೇಕು. ಔಷಧ ನಿಯಮಗಳ ಶೆಡ್ಯೂಲ್ ಎಂ ಅನ್ನು 28 ಡಿಸೆಂಬರ್ 2023ರ ಅಧಿಸೂಚನೆಯ ಮೂಲಕ ಪರಿಷ್ಕರಿಸಲಾಗಿದ್ದು, ರೂ. 250 ಕೋಟಿವರೆಗಿನ ವಹಿವಾಟಿನ ಘಟಕಗಳಿಗೆ, ಕಾಲಾವಕಾಶ ಕೋರಿ ಅರ್ಜಿ ಸಲ್ಲಿಸಿದಲ್ಲಿ, 31 ಡಿಸೆಂಬರ್ 2025ರವರೆಗೆ ಗಡುವನ್ನು ವಿಸ್ತರಿಸಲಾಗಿತ್ತು. ಇಷ್ಟೆಲ್ಲ ವೆಚ್ಚ ಮಾಡಿ ತಯಾರಿಸಿದ ಮಾತ್ರೆಯ ಹೊದಿಕೆಯ ಮೇಲೆ "ವಾರಕ್ಕೊಮ್ಮೆ ಮಾತ್ರ" ಎಂಬ ಎರಡು ಪದಗಳನ್ನು ದೊಡ್ಡ ಅಕ್ಷರಗಳಲ್ಲಿ, ಪ್ರತಿ ಮಾತ್ರೆಯ ಹಿಂದೆಯೂ ಬರುವಂತೆ ಮುದ್ರಿಸಲು ತಗಲುವ ಖರ್ಚು ಅತ್ಯಲ್ಪ. ಕತ್ತರಿ ಎಲ್ಲಿ ಬಿದ್ದರೂ ಆಗ ಎಚ್ಚರಿಕೆ ಉಳಿಯುತ್ತದೆ.

ತಪ್ಪಿ ಹೆಚ್ಚು ನುಂಗಿದುದು ತಿಳಿದುಬಂದಲ್ಲಿ, ತೊಂದರೆ ಕಾಣಿಸಲಿ ಎಂದು ಕಾಯದೆ ರೋಗಿಯನ್ನು ಆಸ್ಪತ್ರೆಗೆ ಸೇರಿಸಬೇಕು. ಫೋಲಿನಿಕ್ ಆಮ್ಲವೆಂಬ ಪ್ರತ್ಯೌಷಧವು ತಡೆಬಿದ್ದ ಕಿಣ್ವವನ್ನು ಬಳಸಿ ದಾಟಿ ಕೋಶಗಳಿಗೆ ನೇರವಾಗಿ ಸಕ್ರಿಯ ರೂಪವನ್ನು ಒದಗಿಸುತ್ತದೆ. ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಅಂಗಡಿಯಲ್ಲಿ ಸಿಗುವ ಸಾಧಾರಣ ಫೋಲಿಕ್ ಆಮ್ಲದ ಮಾತ್ರೆ ಈ ಕೆಲಸಕ್ಕೆ ಬಾರದು, ಏಕೆಂದರೆ ಅದು ಸಕ್ರಿಯವಾಗಬೇಕಾದರೂ ಅದೇ ಕಿಣ್ವವೇ ಬೇಕು. ಔಷಧಗಳಿಂದಾಗುವ ದುಷ್ಪರಿಣಾಮಗಳನ್ನು ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ದೂರವಾಣಿ ಸಂಖ್ಯೆ 1800-180-3024ಕ್ಕೆ ವೈದ್ಯರಷ್ಟೇ ಅಲ್ಲದೆ ಔಷಧ ವ್ಯಾಪಾರಿಗಳೂ ರೋಗಿಗಳೂ ವರದಿ ಮಾಡಬಹುದು.